ಅಜ್ಜಿಯ ಹಲ್ಲು, ಮೊಮ್ಮಗಳ ಕ್ಲಿಪ್ಪು

ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: ಯಾವಾಗ ಬಿಚ್ಚುತ್ತೀರಿ? ಬೆಟ್ಟಗಳ ನಡುವಿನ ಈ ನರೀನ್ ಊರಿನಲ್ಲಿ ಅದನ್ನು ಕೇಳಿ ಕೇಳಿ ಸಾಕಾಗಿಹೋಗಿದೆ. ನನ್ನ ಕೈಯಲ್ಲೇನಿದೆ? ಹಲ್ಲು ಎಷ್ಟು ಸೊಟ್ಟ ಅನ್ನುವುದು ಹಾಗಿರಲಿ. ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿಬಿಡುತ್ತಾರೆ. ತಂತಿ ಬಿಗಿಸಿಕೊಳ್ಳಬೇಕಾದ ಬಾಯಿ ಚಳಿ ಶುರುವಾದ ಮೇಲೆ ಮರಳಿ ಬರುತ್ತದೆ. ಹಲ್ಲು ಎಳೆಯಲೆಂದು ಕ್ಲಿಪ್ಪಿಗೆ ಸಿಕ್ಕಿಸುವ ರಬ್ಬರು ಕೊಟ್ಟರೆ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ಸಾಲದ್ದಕ್ಕೆ ಕುರುತ್. ಮೊಸರನ್ನು ಕಲ್ಲಾಗುವಷ್ಟು ಒಣಗಿಸಿದ ಆ ಉಂಡೆಯನ್ನು ಕಡಿಯದವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಹಾಗಾಗಿ ಜಿಪಾರ್ ಎಂಬ ಹುಡುಗಿಯ ಮುಂದಿನ ಹಲ್ಲಿಗೆ ಅಂಟಿಸಿದ, ತಂತಿ ಹಿಡಿಯುವ ಬ್ರಾಕೆಟ್ಟು ಮತ್ತೆ ಮತ್ತೆ ಕಿತ್ತು ಬಂದಾಗ ನಾನು ಕುರುತ್ತನ್ನೇ ದೂರಿದೆ. ತಿಂದಿಲ್ಲ ಎಂದಳು. ನಂಬಲಿಲ್ಲ. ಪ್ರತಿ ಸಲ ಅಂಟಿಸಿದೆ, ಪ್ರತಿ ಸಲ ಬೈದೆ. ಒಂದು ಕಿತ್ತು ಬಂದರೆ ಸರಿದ ಹಲ್ಲು ವಾಪಸ್ ತಿರುಗುತ್ತದೆ, ತಿಂಗಳುಗಟ್ಟಲೆ ಕೆಲಸ ನೀರುಪಾಲು. ನಗುವುದಕ್ಕೂ ನಾಚಿಕೆಯಾಗುತ್ತದೆ, ಬೇಗ ಸರಿಮಾಡಿ ಎಂದು ಅತ್ತುಕೊಂಡು ಬಂದವಳೂ ಇವಳೇ.

ಮೊನ್ನೆ ಅವಳ ಜೊತೆ ಅಜ್ಜಿ ಕುಲಿಪಾ ಬಂದಿದ್ದರು. ಬೆಳಗಿನಿಂದ ನಿಂತು ನಿಂತು ನನ್ನ ಸೊಂಟ ಹೋಗಿತ್ತು. ಅವರ ಮೇಲೂ ಹರಿಹಾಯ್ದೆ.

"ನೀವೇ ಗುಟ್ಟಾಗಿ ಕುರುತ್ ಕೊಡ್ತಿದೀರಿ ಅಲ್ವಾ, ಅಜ್ಜಿ?"

ಅವರು ಕೋಟಿನೊಳಗಿನಿಂದ ಮರದ ಪುಟ್ಟ ಡಬ್ಬಿ ತೆಗೆದು, ಅದರಿಂದ ಕಬ್ಬಿಣದ ಮೋರ್ಸಿಂಗ್ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಕೊಟ್ಟಿದ್ದು ಇದನ್ನ, ಮಗಳೇ."

ನನಗೆ ಮೈಯೆಲ್ಲ ಉರಿಯಿತು. ಅದನ್ನು ಮುಂದಿನ ಹಲ್ಲಿಗೆ ಒತ್ತಿ ಹಿಡಿದೇ ಮಿಡಿಯಬೇಕು. ಬ್ರಾಕೆಟ್ಟು ಕಿತ್ತು ಬರದೆ ಇನ್ನೇನಾಗುತ್ತದೆ? ಕ್ಲಿಪ್ಪು ಬಿಚ್ಚಿದ ಮೇಲೆ ಕಲಿಸಬಾರದಿತ್ತೇ, ಅಷ್ಟೂ ಕಾಯಲಾರಿರಾ ಎಂದು ಕೇಳಿದೆ.

"ನಾನೇನೋ ಕಾಯ್ತೀನಿ. ಇವು ಕಾಯಲ್ಲ," ಎಂದು ಅಜ್ಜಿ ಬಾಯಿ ತೆರೆದರು.

ಒಸಡು ಇಳಿದುಹೋಗಿತ್ತು. ಮೇಲಿನ ಮುಂದಿನ ಎರಡು ಹಲ್ಲುಗಳಿಗೆ ಬೆರಳು ತಾಗಿಸಿದೆ, ಎರಡೂ ಅಲುಗಿದವು. ಅವು ಬಿದ್ದರೆ ಮೋರ್ಸಿಂಗಿಗೆ ಆಸರೆಯಿಲ್ಲ. ಅವರ ತಾಯಿ ಹುಲ್ಲುಗಾವಲಿನಲ್ಲಿ ಕಲಿಸಿದ ಮಟ್ಟುಗಳು ಈಗ ಅವರೊಬ್ಬರಿಗೇ ಗೊತ್ತಂತೆ. ಬಾಯೊಳಗೆ ನಾಲಿಗೆ ತಿರುಗುವುದನ್ನು ಬಾಯಲ್ಲಿ ಹೇಳಿ ಕಲಿಸಲಾಗುವುದಿಲ್ಲ, ಎದುರು ಕೂತು ನುಡಿಸಿಯೇ ತೋರಿಸಬೇಕು. ಅಷ್ಟು ದಿನ ನಾನು ಬೈದದ್ದು ನೆನಪಾಗಿ ಸಂಕಟವಾಯಿತು.

ಜಿಪಾರ್ ನನ್ನ ತೋಳು ಹಿಡಿದಳು. "ಅಕ್ಕ, ಮುಂದಿನವನ್ನ ಬಿಚ್ಚಿಬಿಡಿ. ಆಮೇಲೆ ಎಷ್ಟು ವರ್ಷ ಹಿಡಿದ್ರೂ ಹಿಡೀಲಿ."

ಸರಿಹೋದದ್ದು ಮತ್ತೆ ಸೊಟ್ಟಗಾಗುತ್ತದೆ, ಮೊದಲಿನಿಂದ ಶುರು ಮಾಡಬೇಕಾದೀತು ಎಂದು ಎಚ್ಚರಿಸಿದೆ. ಗೊತ್ತು ಎಂದಳು. ಇಷ್ಟು ದಿನ ಬೇಗ ಬೇಗ ಎಂದು ನನ್ನ ಪ್ರಾಣ ತಿಂದವಳು ಅವಳೇ.

ಬಿಚ್ಚಿದೆ. ಆಮೇಲೆ ಅಜ್ಜಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಅಲುಗುವ ಹಲ್ಲುಗಳನ್ನು ಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ ಹಿಂದಿನಿಂದ ಸಣ್ಣ ತಂತಿ ಅಂಟಿಸಿದೆ.

ಎದ್ದು ನಿಂತ ಅಜ್ಜಿಯೂ ಕೇಳಿಯೇಬಿಟ್ಟರು: "ಇದು ಎಷ್ಟು ದಿನ ಬರುತ್ತೆ, ಮಗಳೇ?"

"ಗೊತ್ತಿಲ್ಲ ಅಜ್ಜಿ. ಇವತ್ತಿಂದ ಒಂದು ದಿನವೂ ಬಿಡದೆ ಕಲಿಸಿ."

ಇಬ್ಬರೂ ಮನೆಯವರೆಗೂ ಕಾಯಲಿಲ್ಲ. ಹೊರಗಿನ ಬೆಂಚಿನ ಮೇಲೆ ಎದುರುಬದುರು ಕೂತು ಅಲ್ಲೇ ಒಬ್ಬರಾದ ಮೇಲೊಬ್ಬರು ಮಿಡಿಯತೊಡಗಿದರು. ಮುಂದಿನ ರೋಗಿಯನ್ನು ನಾನು ಕೂಡಲೇ ಒಳಗೆ ಕರೆಯಲಿಲ್ಲ.