ಗಾಳಿ ಕಾಣದ ಏಳನೇ ಬಾಟಲಿ

ಮೂವತ್ತೊಂದು, ಮೂವತ್ತೊಂದೇ ಅಲ್ಲವೇ, ಕನ್ನಡಕವನ್ನು ಕೋಟಿನ ಅಂಚಿಗೆ ಒರೆಸಿ ಮತ್ತೆ ಮಷೀನಿನ ಪರದೆ ನೋಡಿದಳು — ನೂರಕ್ಕೆ ಮೂವತ್ತೊಂದು ಪಾಲು ಲಿಗ್ನಿನ್ ಮಾಯ, ಮರವನ್ನು ಮರವಾಗಿ ನಿಲ್ಲಿಸುವ ಆ ಹಟಮಾರಿ ಅಂಟು, ಏಳನೇ ಬಾಟಲಿಯಲ್ಲಿ, ಗಾಳಿಯ ಸುಳಿವೇ ಇಲ್ಲದ ಕಡೆ, ಕಣ್ಣಿಗೆ ಕಾಣದ ಈ ಪುಟಾಣಿಗಳು ಕೂತು ಮುಕ್ಕಿಬಿಟ್ಟಿವೆ, ಅಯ್ಯೋ ನನ್ನ ಬಂಗಾರಗಳಾ! ಕುಣಿಯಬೇಕೆನಿಸಿತು, ಕುಣಿದೂಬಿಟ್ಟಳು, ಸ್ಟೂಲು ಉರುಳಿತು, ಉರುಳಲಿ. ಗಾಳಿ ಇಲ್ದೆ ಲಿಗ್ನಿನ್ ಒಡೆಯೋದುಂಟೇನಮ್ಮಾ, ಅಣಬೆಗೇ ಆಕ್ಸಿಜನ್ ಬೇಕು, ನಿನ್ನ ಬ್ಯಾಕ್ಟೀರಿಯಾ ಯಾವ ಲೆಕ್ಕ, ಸೋಮವಾರದೊಳಗೆ ಮೇಜು ಖಾಲಿ ಮಾಡು, ಸಾಕು ಈ ಕೆಲಸ, ಎಂದಿದ್ದರು ಗೈಡ್ — ನಾಲ್ಕು ವರ್ಷ, ಕೊಳದ ತಳದ ಕೆಸರು ಹೊತ್ತು ಹೊತ್ತು ಲ್ಯಾಬಿನವರ ಬಾಯಲ್ಲಿ ಕೆಸರಮ್ಮ ಆದದ್ದು, ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡದ್ದು, ಬಡಗಿ ಅಪ್ಪ ಮಾತ್ರ ನಕ್ಕು, ನೀರಲ್ಲಿ ಮುಳುಗಿದ ಮರ ಬೇಗ ಕೊಳೆಯಲ್ಲ ಕಣೇ, ಕೊಳೆಯೋದೇ ಇಲ್ಲ ಅಂತ ಯಾರಂದ್ರು, ಹಳೇದಕ್ಕೆ ಉಳಿ ಇಟ್ರೆ ಬೆಣ್ಣೆ ಥರ ಬರುತ್ತೆ ಅಂದದ್ದು — ಅಪ್ಪನಿಗೇ ಮೊದಲು ಫೋನ್, ಅಲ್ಲ, ಗೈಡ್‌ಗೆ, ಅವರೇನಂತಾರೆ, ಗಾಳಿ ನುಗ್ಗಿರತ್ತೆ ಬಿಡು ಅಂತಾರೆ, ಅನ್ನಲಿ, ಬಾಟಲಿ ಎತ್ತಿ ಮೂಗಿನ ಮುಂದೇ ಹಿಡಿಯುತ್ತೇನೆ, ನೋಡಿ ಸರ್, ಒಂಚೂರು ಗಾಳಿ ಸೋಕಿದ್ದರೂ ಒಳಗೆ ಬೆರೆಸಿದ ಇಂಡಿಕೇಟರ್ ಗುಲಾಬಿ ಬಣ್ಣಕ್ಕೆ ತಿರುಗಬೇಕಿತ್ತು, ಎಲ್ಲಿದೆ ಗುಲಾಬಿ?

ಇಂಡಿಕೇಟರ್ — ಹಾಕಿದ್ದೆನೇ? ನೋಟ್‌ಬುಕ್ ಎಳೆದು ತೆರೆದಳು. ಆರನೆಯದಕ್ಕೆ ಹಾಕಿದ್ದು ನೆನಪಿದೆ, ಎಂಟನೆಯದಕ್ಕೂ, ನಡುವೆ ಅಕ್ಕನ ಫೋನು, ಹೆಣ್ಣು ಮಗು ಕಣೇ, ಚಿಕ್ಕಮ್ಮ ಆದೆ ನೀನು, ನೋಟ್‌ಬುಕ್ಕಿನಲ್ಲಿ ಏಳರ ಮುಂದೆ ಟಿಕ್ ಇಲ್ಲ, ನಿನ್ನೆಯ ಸ್ಯಾಂಪಲ್ಲು ಸಿರಿಂಜಿನಿಂದ ನೇರ ಲಿಗ್ನಿನ್ ಅಳೆಯುವ ಆಸಿಡ್ಡಿಗೆ ಹೋಗಿತ್ತು, ಅಲ್ಲೂ ಬಣ್ಣ ನೋಡಿಲ್ಲ, ಇಂಡಿಕೇಟರ್ ಇಲ್ಲದ ಬಾಟಲಿ ಗಾಳಿ ನುಗ್ಗಿದರೂ ಹೀಗೇ ತೆಪ್ಪಗೆ ಕೂತಿರುತ್ತದೆ, ಥೂ ನನ್ನ ತಲೆಗಿಷ್ಟು, ಮೂರು ತಿಂಗಳು ದಿನಾ ಬೆಳಗ್ಗೆ ಗುಲಾಬಿ ಕಾಣದಿದ್ದರೆ ಸಾಕಪ್ಪಾ ಎಂದು ಬೇಡಿದವಳು ಈಗ — ಸೂಜಿ, ಸೂಜಿ ಎಲ್ಲಿ, ರಬ್ಬರ್ ಮುಚ್ಚಳಕ್ಕೆ ಚುಚ್ಚಿ ಒಂದೇ ಹನಿ ಎಳೆದಳು, ಬಿಳಿ ಟೈಲಿನ ಮೇಲೆ ಇಳಿಸಿದಳು, ಹಾಕಿದ್ದರೆ ಹೊರಗಿನ ಗಾಳಿಗೆ ಇದು ಗುಲಾಬಿಯಾಗಲೇಬೇಕು, ಹಾಕಿಲ್ಲದಿದ್ದರೆ ನಾಲ್ಕು ವರ್ಷವೂ ನೀರಲ್ಲಿ ಹೋಮ, ಉಫ್ ಎಂದು ಊದಿದಳು, ಆಗು, ಆಗೇ ನನ್ನಮ್ಮಾ, ಸೋಮವಾರ, ಮೇಜು, ಅಪ್ಪ, ಏನೂ ಇಲ್ಲ, ತಿಳಿ ಹನಿ, ತಿಳಿ — ಅಂಚು, ಅಂಚಿನಲ್ಲಿ ಅದೇನು, ಕೂದಲೆಳೆಯಷ್ಟು, ಗುಲಾಬಿ, ಗುಲಾಬಿ