ಕಂಡಕ್ಟರ್ ದೇವಪ್ಪನ ಮಗಳ ಸಂದರ್ಶನ

ತುಳಸಿ ಹಾಕಿದ ನೀರಿನ ಚೊಂಬು ರಮಿತಾಳ ಕೈಗೆ ಬರುವುದಕ್ಕೂ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಕರೆಯುವುದಕ್ಕೂ ಸರಿಹೋಯಿತು. ಅಂಗಳದಲ್ಲಿ ಚಟ್ಟದ ಮೇಲೆ ಅಪ್ಪಯ್ಯ. ಉಳಿದವರೆಲ್ಲ ಅವರ ಬಾಯಿಗೆ ನೀರು ಬಿಟ್ಟಾಗಿತ್ತು, ಮಗಳೊಬ್ಬಳೇ ಬಾಕಿ.

"ದಿಲ್ಲಿಯ ಸಂದರ್ಶನದವ್ರ್, ಅತ್ತೆ," ಎಂದಳು. " ಬೆಳಿಗ್ಗೆಯೇ ಕೇಂಡೆ, ಬೇರೆ ದಿನ ಕೊಡುಕ್ ಆತಿಲ್ಲೆ ಅಂದ್ರ್."

"ಹೆಣ ಇಟ್ಕಂಡ್ ಹುಳದ ಮಾತಾ?" ಅಪ್ಪಯ್ಯನ ತಂಗಿ ಸುಗಂಧಿ ಚೊಂಬು ಕಸಿದುಕೊಂಡರು. "ಬೆಳಿಗ್ಗೆಯಿಂದ ಒಂದ್ ತೊಟ್ ಕಣ್ಣೀರ್ ಹಾಕಲಿಲ್ಲೆ ಈ ಹೆಣ್ಣ್."

ಅತ್ತರೆ ಗಂಟಲು ಕಟ್ಟುತ್ತದೆಂದು ರಮಿತಾ ಅಳುವನ್ನು ಅದುಮಿಟ್ಟಿದ್ದಳು. ಹುಳದ ನರಕೋಶಗಳ ಮೇಲಿನ ಅವಳ ಸಂಶೋಧನೆಗೆ ಅನುದಾನ ನಿಂತು ವರ್ಷವಾಗಿತ್ತು. ಇವತ್ತಿನ ಸಂದರ್ಶನದಲ್ಲೂ ಸಿಗದಿದ್ದರೆ ಪ್ರಯೋಗಾಲಯಕ್ಕೆ ಬೀಗ, ಇಷ್ಟು ವರ್ಷದ ಕೆಲಸ ನೀರುಪಾಲು.

"ಸುಗಂಧಕ್ಕ, ಸುಮ್ನಿರಿ," ಎಂದರು ಅಪ್ಪಯ್ಯನ ಬಸ್ಸಿನ ಡ್ರೈವರ್ ಚಂದಯ್ಯ. "ಓಡ್ಕಂಡ್ ಬಪ್ಪವರ್ನ ಕಂಡ್ರೆ ಬಸ್ ಹೊರಡುಕೆ ಬಿಡ್ತಿರ್ಲಿಲ್ಲ ದೇವಪ್ಪ. ಮಗಳಿಗೆ ಅರ್ಧ ಗಂಟೆ ಕಾಯ್ತಿಲ್ಯಾ?"

* * *

ಹೋದ ದೀಪಾವಳಿಗೆ ಅಪ್ಪಯ್ಯ ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದ್ದರು.

"ಆ ಹುಳದ ಮೈಯೊಳ್ಗೆ ಎಂತ ಕಾಣ್ತೆ ಮಗಾ?"

"ಒಂದ್ ಕೋಶ ಇನ್ನೊಂದಕ್ಕೆ ಸುದ್ದಿ ಹೇಳ್ತ್ ಅಪ್ಪಯ್ಯ. ಅದ್ ಹ್ಯಾಂಗೆ ಅಂತ."

"ನಾನ್ ಸೀಟಿ ಊದ್ರೆ ಚಂದಯ್ಯ ತಿರ್ಗಿ ಕಾಣ್ದೆ ಬಸ್ ನಿಲ್ಸ್ತ, ಹಂಗೆಯಾ?"

"ಹಂಗೇ."

ಮರುದಿನದಿಂದ ವಂಡ್ಸೆಯಿಂದ ಕೊಲ್ಲೂರಿನವರೆಗೂ ಪ್ರಯಾಣಿಕರಿಗೆ ಟಿಕೆಟಿನ ಜೊತೆ ಹುಳದ ಕತೆಯೂ ಬಿಟ್ಟಿ ಸಿಗತೊಡಗಿತು. ಕೇಳದವರಿಗೂ ಬಿಡುತ್ತಿರಲಿಲ್ಲ, ಪುಣ್ಯಾತ್ಮ.

* * *

ಕಣ್ಣಿಗೆ ಕಾಣದ ಹುಳಕ್ಕೆ ಇಷ್ಟು ಹಣವೇಕೆ ಎಂದು ಲ್ಯಾಪ್‌ಟಾಪಿನಲ್ಲಿ ದಿಲ್ಲಿಯ ಸಮಿತಿಯವರು ಕೇಳಿದರು. ರಮಿತಾ ವಿವರಿಸಿದಳು. ಅವರು ಮತ್ತೆ ಕೇಳಿದರು, ಅವಳು ಮತ್ತೆ ವಿವರಿಸಿದಳು. ಕಿಟಕಿಯಾಚೆ ಚಟ್ಟ ಹೊರುವವರು ಕಾದು ನಿಂತಿದ್ದರು. ಬಿಸಿಲು ಸರಿದು ಬಂದಾಗ ಚಂದಯ್ಯ ಕೊಡೆ ಬಿಚ್ಚಿ ಅಪ್ಪಯ್ಯನ ಮುಖಕ್ಕೆ ನೆರಳು ಹಿಡಿದರು. ಅವಳ ದನಿ ಒಮ್ಮೆಯೂ ನಡುಗಲಿಲ್ಲ.

"ಚೆನ್ನಾಗಿ ಹೇಳಿದಿರಿ," ಎಂದರು ಸಮಿತಿಯ ಹಿರಿಯರು. "ಈ ವರ್ಷ ಹಣ ಕಡಿಮೆಯಿದೆ. ನೋಡೋಣ, ತಿಳಿಸುತ್ತೇವೆ."

ಹೋದ ವರ್ಷವೂ ಇದೇ ಮಾತು, ಇದೇ ನಯ. ಆಗ ಅನುದಾನ ಸಿಕ್ಕಿರಲಿಲ್ಲ.

ಅಂಗಳಕ್ಕೆ ಬಂದವಳ ಕೈಗೆ ಸುಗಂಧಿ ಅತ್ತೆ ಚೊಂಬು ಕೊಟ್ಟರು. "ಎಂತ ಹೇಳ್ರ್ ಮಗಾ?"

"ಮತ್ತೆ ತಿಳಿಸ್ತ್ರಂಬ್ರ್, ಅತ್ತೆ."

ಅವಳು ಬಗ್ಗಿ ಅಪ್ಪಯ್ಯನ ಬಾಯಿಗೆ ನೀರು ಬಿಟ್ಟಳು. ತುಟಿಯಂಚಿನಿಂದ ಅದು ಕೆನ್ನೆಗೆ ಇಳಿಯಿತು. ಒರೆಸಲು ಕೈ ಚಾಚಿದವಳು ಅಲ್ಲಿಯೇ ಕುಸಿದು ಕುಳಿತು ಗೋಳೋ ಎಂದು ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಚಂದಯ್ಯ ಕೊಡೆಯನ್ನು ಅವಳ ತಲೆಯತ್ತ ಸರಿಸಿದರು. ಅಪ್ಪಯ್ಯನ ಮುಖದ ಮೇಲೆ ಬಿಸಿಲು ಬಿತ್ತು.