ಕಂಬವಿಲ್ಲದ ಸೀಮೆ

ನಾನು ಒಂದು ಆಟದ ಯಂತ್ರ. ಎರಡು ಕೈಯಲ್ಲಿ ಹಿಡಿದು ಆಡುವಂಥದ್ದು. ನಡುವೆ ಪರದೆ, ಎಡಕ್ಕೆ ತಿರುಗುವ ಗುಂಡಿ ಒಂದು, ಬಲಕ್ಕೆ ಒತ್ತುವ ಗುಂಡಿ ನಾಲ್ಕು. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಕೈಗವಸು ಹಾಕಿದ ಹೆಂಗಸೊಬ್ಬಳು ನನ್ನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಒಮ್ಮೆ ಆಕಳಿಸಿ, ಡಬ್ಬಿಗೆ ಹಾಕಿದಳು. ನನಗೆ ಸಿಕ್ಕ ಮೊದಲ ಆಶೀರ್ವಾದ ಆ ಆಕಳಿಕೆಯೇ.

ನನ್ನ ಹೊಟ್ಟೆಯಲ್ಲಿ ‘ಏಳು ಸೀಮೆ’ ಎಂಬ ಆಟಗಳ ಸರಣಿಯ ಮೊದಲ ಎರಡು ಆಟಗಳಿದ್ದವು. ಮೊದಲನೆಯದು ನಡೆಯುವುದು ಮಿರೋವಾ ಸೀಮೆಯಲ್ಲಿ. ಹುಲ್ಲಿನ ಮನೆ, ಮೀನಿನ ಬಲೆ, ಗಾಳಿಗಿರಣಿ. ಎರಡನೆಯದು ಡ್ರಾಸ್ಕಾ ಸೀಮೆಯಲ್ಲಿ. ಹಾರುವ ರೈಲು, ಮಾತಾಡುವ ಗೋಡೆ, ಸಂಜೆಯಾದರೆ ಊರಿಗೆ ಊರೇ ಝಗಝಗ.

ನನ್ನನ್ನು ಕೊಂಡವನು ಪ್ರಹ್ಲಾದ ಕಟ್ಟಿ ಎಂಬ ಬ್ಯಾಂಕಿನ ಸಾಹೇಬ. ಗದಗ–ಹುಬ್ಬಳ್ಳಿ ರೈಲಿನಲ್ಲಿ ಕೂತು ಎರಡೂ ಸೀಮೆಗಳನ್ನು ಓಡುತ್ತಲೇ ಮುಗಿಸಿದ. ಒಂದು ಮನೆಯ ಮುಂದೆಯೂ ನಿಲ್ಲಲಿಲ್ಲ. ಮದುವೆ ಗೊತ್ತಾದ ಮೇಲೆ ನನ್ನನ್ನು ತಂಗಿ ಶ್ರೀದೇವಿಗೆ ಕೊಟ್ಟ. ಅವಳು ಗದಗಿನಲ್ಲಿ ಫಿಜಿಯೋಥೆರಪಿ ಮಾಡುವವಳು. ಲಕ್ವ ಹೊಡೆದವರ ಕೈಕಾಲಿಗೆ ವ್ಯಾಯಾಮ ಕಲಿಸುತ್ತಿದ್ದಳು. ಹೀಗೆ ನಾನು ರಬ್ಬರ್ ಚೆಂಡುಗಳ ಜೊತೆ ಔಷಧದ ಕೆಲಸಕ್ಕೆ ಸೇರಿದೆ.

ಅಲ್ಲಿಂದ ಬಂದು ಸೇರಿದ್ದು ಈರಪ್ಪ ಅಸುಂಡಿಯವರ ಮನೆಗೆ. ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿ ನಿವೃತ್ತರಾದವರು. ಲಕ್ವ ಹೊಡೆದು ಬಲಗೈ ಬಿದ್ದಿತ್ತು, ನಾಲಿಗೆ ತೊಡರುತ್ತಿತ್ತು. ಎರಡು ತಿಂಗಳಿಂದ ಯಾರೊಡನೆಯೂ ಮಾತಿಲ್ಲ. ಚೆಂಡು ಹಿಸುಕಲು ಕೊಟ್ಟರೆ ಎಡಗೈಯಲ್ಲಿ ತೆಗೆದು ಕಿಟಕಿಯಿಂದಾಚೆ ಎಸೆಯುತ್ತಿದ್ದರು. ಹೆಂಡತಿ ದಾಕ್ಷಾಯಣಿ ಹೋಗಿ ಹೆಕ್ಕಿ ತರುತ್ತಿದ್ದರು.

ಶ್ರೀದೇವಿ ನನ್ನನ್ನು ಅವರ ಕೈಗಿಟ್ಟಳು. “ಕಾಕಾ, ಹೆಬ್ಬೆಟ್ಟಿಲೆ ಒತ್ರಿ. ಒಳಗಿನ ಮನಶ್ಯಾ ನಡೀತಾನ.”

ಈರಪ್ಪ ನನ್ನನ್ನೂ ಎಸೆಯಲೆಂದು ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಪರದೆಯಲ್ಲಿ ಮಿರೋವಾದ ಬೀದಿ, ಬೀದಿಯಲ್ಲಿ ಕಂಬಗಳ ಸಾಲು. ಬಹಳ ಹೊತ್ತು ನೋಡಿ ಹೇಳಿದರು: “ಕಂ… ಕಂಬಾ ಛಲೋ ನೆಟ್ಟಾರ.”

ದಾಕ್ಷಾಯಣಿ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದರು.

ಅಂದಿನಿಂದ ಈರಪ್ಪ ಆಟ ಆಡಲಿಲ್ಲ, ತಪಾಸಣೆಗೆ ಹೊರಟರು. ಆಟದೊಳಗಿನ ಮುದುಕಿ “ಕಳ್ಳರಿಂದ ಊರು ಕಾಪಾಡಪ್ಪ” ಎಂದು ಕೈಮುಗಿದು ನಿಂತಿದ್ದರೆ, ಇವರು ಅವಳ ಮನೆಯ ಹಿಂದೆ ಹೋಗಿ ತಂತಿ ಎಲ್ಲಿಂದ ಬಂದಿದೆ ಎಂದು ನೋಡುತ್ತಿದ್ದರು. ಮಿರೋವಾದಲ್ಲಿ ಗಾಳಿಗಿರಣಿಯಿಂದ ಕಂಬಕ್ಕೆ, ಕಂಬದಿಂದ ಮನೆಗೆ ತಂತಿ ಸರಿಯಾಗಿತ್ತು. ಡ್ರಾಸ್ಕಾದಲ್ಲಿ ಇಡೀ ಸೀಮೆ ಸುತ್ತಿದರೂ ಒಂದು ಕಂಬವಿಲ್ಲ.

ಅವರ ಗೆಳೆಯ ಮೌಲಾಸಾಬ ನದಾಫ ಟೆಲಿಫೋನ್ ಇಲಾಖೆಯಲ್ಲಿ ನೆಲದಡಿ ಕೇಬಲ್ ಹೂಳಿಸುತ್ತಿದ್ದವರು. ಮನೆ ಅದೇ ಓಣಿಯ ಕೊನೆಗೆ. ದಿನಾ ಸಂಜೆ ಬಂದು, ಮಾತಾಡದ ಗೆಳೆಯನ ಮುಂದೆ ಸುಮ್ಮನೆ ಚಹಾ ಕುಡಿದು ಹೋಗುತ್ತಿದ್ದರು. ಈಗ ನನ್ನ ಪರದೆಗೆ ಕನ್ನಡಕ ತಾಗಿಸಿ ಕೂತರು.

“ಡ್ರಾಸ್ಕಾ ಮುಂದುವರದದ್ದು. ರೈಲು ಹಾರತೈತಿ, ಗ್ವಾಡಿ ಮಾತಾಡತೈತಿ. ಇನ್ನೇನ್ ಬೇಕೋ ನಿನಗ?”

“ಕರೆಂಟ್ ಎಲ್ಲಿಂದ ಬರತೈತಿ? ಅದನ್ನ ಹೇಳು.”

“ನೆಲದಾಗ ಕೇಬಲ್ ಹಾಕ್ಯಾರ. ಬುದ್ಧಿ ಇದ್ದವ್ರು ಹಂಗ ಮಾಡ್ತಾರ.”

“ಹಾಕಿದ್ರ ಟ್ರಾನ್ಸ್‌ಫಾರ್ಮರ್ ತೋರ್ಸು.”

ಮೌಲಾಸಾಬರಿಗೆ ತೋರಿಸಲಾಗಲಿಲ್ಲ. ಹಾಗೆಂದು ಸೋಲಲೂ ಇಲ್ಲ. ಈರಪ್ಪ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ, ತುಸು ಹಿಡಿತ ಬಂದ ಬಲಗೈಯಿಂದಲೇ, ಸೊಟ್ಟ ಅಕ್ಷರದಲ್ಲಿ ಪಟ್ಟಿ ಬರೆಯತೊಡಗಿದರು. ಮಿರೋವಾ: ಫೋನು ಊರಿಗೊಂದು, ಬೀದಿದೀಪ ಎಲ್ಲಾ ಸುಸ್ಥಿತಿ. ಡ್ರಾಸ್ಕಾ: ಫೋನಿನಲ್ಲಿ ಮುಖ ಕಾಣುತ್ತದೆ, ಆದರೆ ಹೆಂಗಸರು ಕೊಡದಲ್ಲಿ ನೀರು ತರುತ್ತಾರೆ. “ಹಾರೋ ರೈಲು ತಗೊಂಡು ಏನ್ ಮಾಡ್ಲಿ, ನಳಾ ಇಲ್ಲಂದ್ರ?” ಎಂದು ದಾಕ್ಷಾಯಣಿ ಅಡುಗೆಮನೆಯಿಂದಲೇ ಮಿರೋವಾ ಪಕ್ಷ ಸೇರಿದರು.

ಹದಿನೈದನೆಯ ದಿನ ವಾದ ಕೆಟ್ಟಿತು. “ನೀ ಇಷ್ಟ್ ವರ್ಷ ಮಣ್ಣಾಗ ತಂತಿ ಮುಚ್ಚಿದಿ. ಮುಚ್ಚಿದ್ದಕ್ಕ ಯಾವನೂ ಲೆಕ್ಕಾ ಕೇಳಲಿಲ್ಲ” ಎಂದರು ಈರಪ್ಪ. ಮೌಲಾಸಾಬರಿಗೆ ಅದು ನಾಟಿತು.

“ಲಕ್ವ ಕೈಗಷ್ಟ ಹೊಡದೈತಿ ಅಂದ್ಕೊಂಡಿದ್ದೆ. ತಲಿಗೂ ಹೊಡದೈತಿ.”

ಹೇಳಿದ ಮೇಲೆ ಅವರೇ ಬೆಚ್ಚಿದರು. ಚಪ್ಪಲಿ ಮೆಟ್ಟಿ ಹೊರಟುಹೋದರು. ಮರುದಿನ ಸಂಜೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ದಾಕ್ಷಾಯಣಿ ರೂಢಿಯಂತೆ ಮೂರು ಕಪ್ ಚಹಾ ಮಾಡಿ ಒಂದನ್ನು ಚೆಲ್ಲುತ್ತಿದ್ದರು.

ಈರಪ್ಪ ಹಗಲೆಲ್ಲ ಡ್ರಾಸ್ಕಾದ ನೆಲ ತಡವಿದರು. ಕೊನೆಗೆ ಹಾರುವ ರೈಲಿನ ನಿಲ್ದಾಣದ ಹಿಂದೆ ಒಂದು ಕಬ್ಬಿಣದ ಬಾಗಿಲು ಸಿಕ್ಕಿತು. ಮೂರು ಸೆಕೆಂಡಿನಲ್ಲಿ ಬಲಹೆಬ್ಬೆರಳಿನಿಂದ ಹತ್ತು ಸಲ ಒತ್ತಿದರಷ್ಟೇ ಅದು ತೆರೆಯುವುದು. ಮೊದಲ ದಿನ ಮೂರು ಒತ್ತಿದರು. ಕಿಟಕಿಯಾಚೆ ಎಸೆಯುತ್ತಿದ್ದ ಆ ಚೆಂಡನ್ನು ತಾವೇ ಕೇಳಿ ತರಿಸಿಕೊಂಡು ಹಿಸುಕಿದರು. ಒಂದು ವಾರಕ್ಕೆ ಆರಾಯಿತು. ಇಪ್ಪತ್ತು ದಿನಕ್ಕೆ ಒಂಬತ್ತು. ನನ್ನ ಗುಂಡಿಯ ಮೇಲಿನ ಗುರುತು ಅಳಿಸಿಹೋಯಿತು. ಒಂದು ಮಧ್ಯಾಹ್ನ, ದಾಕ್ಷಾಯಣಿ ಹಿಟ್ಟಿನ ಗಿರಣಿಗೆ ಹೋದಾಗ, ಬಾಗಿಲು ಕಿರ್ರೆಂದಿತು.

ಒಳಗೆ ಒಂದು ದೊಡ್ಡ ಚಕ್ರ. ಚಕ್ರದೊಳಗೆ ಕೊಬ್ಬಿದ ಇಲಿಯಂಥ ಪ್ರಾಣಿಯೊಂದು ನಾಲಿಗೆ ಚಾಚಿ ಓಡುತ್ತಿತ್ತು. ಆ ಝಗಝಗ ಸೀಮೆಯ ಕರೆಂಟೆಲ್ಲ ಅದರ ಕಾಲಿನಿಂದ.

ಈರಪ್ಪ ನನ್ನನ್ನು ಎದೆಗೊತ್ತಿಕೊಂಡು ಎದ್ದರು. ಓಣಿಯಲ್ಲಿ ಗೋಡೆ ಹಿಡಿದು, ನಿಂತು, ಮತ್ತೆ ನಡೆದು, ಮೌಲಾಸಾಬರ ಹೊಸ್ತಿಲಿಗೆ ಹೋದರು.

“ನೋಡ್, ನಿನ್ನ ಕೇಬಲ್” ಎಂದು ಪರದೆ ಹಿಡಿದರು.

ಮೌಲಾಸಾಬರು ಆ ಪ್ರಾಣಿಯನ್ನು ನೋಡಿದರು. ಈರಪ್ಪನವರ ಬರಿಗಾಲು ನೋಡಿದರು. ಕುರ್ಚಿ ಎಳೆದು ಕೂರಿಸಿ ಕೇಳಿದರು:

“ಇದಕ್ಕ ಪೆನ್ಶನ್ ಐತೇನು?”

“ರಜಾನೂ ಇಲ್ಲ ಅನ್ನಸ್ತದ.”

ಇಬ್ಬರಿಗೂ ನಗು ತಡೆಯಲಿಲ್ಲ. ನಕ್ಕು ನಕ್ಕು ಮೌಲಾಸಾಬರ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ಬರುತ್ತಲೇ ಇತ್ತು. “ಆವತ್ತು ನಾ ಅಂದದ್ದು…” ಎಂದರು. “ಯಾವತ್ತು?” ಎಂದರು ಈರಪ್ಪ. ಅಷ್ಟರಲ್ಲಿ ದಾಕ್ಷಾಯಣಿ ಹಿಟ್ಟಿನ ಡಬ್ಬಿ ಸಮೇತ ಓಡಿಬಂದು, ಇಬ್ಬರನ್ನೂ ಸೇರಿಸಿ ಬೈದರು.

ಇದಾಗಿ ಆರು ವರ್ಷವಾಯಿತು. ಶ್ರೀದೇವಿಯ ಕಪಾಟಿಗೆ ಮರಳಿದ ಮೇಲೆ ಎಷ್ಟೋ ಕೈ ಕಂಡೆ. ಈಗ ನನ್ನ ಬ್ಯಾಟರಿ ಅರ್ಧ ತಾಸು ನಿಂತರೆ ಹೆಚ್ಚು. ಪರದೆಯ ಮೂಲೆಯಲ್ಲಿ ಕಪ್ಪು ಹಬ್ಬಿದೆ. ಯಾವ ಸೀಮೆ ಮುಂದುವರಿದದ್ದೆಂದು ನನ್ನನ್ನೇ ಕೇಳಿದರೆ ನಾನು ಹೇಳಲಾರೆ. ಒಂದು ಸೀಮೆಯಲ್ಲಿ ಒಬ್ಬ ಕಂಬ ನೋಡುತ್ತಾನೆ, ಮತ್ತೊಬ್ಬ ರೈಲು ನೋಡುತ್ತಾನೆ, ಇನ್ನೊಬ್ಬಳು ನಳ ಹುಡುಕುತ್ತಾಳೆ. ಅವರವರ ಜೀವ ತೇದದ್ದು ಯಾವುದರಲ್ಲೋ ಅದೇ ಅವರಿಗೆ ಕಾಣುವುದು.

ಹೋದ ವಾರ ಶ್ರೀದೇವಿ ನನ್ನನ್ನು ಬಟ್ಟೆ ಹೊಲಿಯುವ ಚೆನ್ನಮ್ಮ ಎಂಬವರ ನಡುಗುವ ಕೈಗೆ ಕೊಟ್ಟಳು. ಡ್ರಾಸ್ಕಾದ ದೊರೆ ನಿಲುವಂಗಿ ತೊಟ್ಟು ಸ್ವಾಗತಿಸಲು ಬಂದ. ಚೆನ್ನಮ್ಮ ನನ್ನನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

“ಈ ಅಂಗಿ ತೋಳು ಯಾರ ಹಚ್ಯಾರ ಇವಂಗ?” ಎಂದರು. “ಸ್ವಲ್ಪ ತಿರುಗಪಾ, ಬೆನ್ನು ನೋಡೂಣು.”

ಅವರ ಹೆಬ್ಬೆರಳು ನನ್ನ ಗುಂಡಿಯನ್ನು ಹುಡುಕತೊಡಗಿತು.